ದೇವದೂತನ ಎಡಗೈ

ನಮ್ಮ ಚರ್ಚಿಗೆ ಜೋಡಿಯ ಹುಚ್ಚು. ಹಳೆಯದು ಬೆಂಕಿಗೆ ಆಹುತಿಯಾದ ಮೇಲೆ ಬರೋಕ್ ಶೈಲಿಯಲ್ಲಿ ಕಟ್ಟಿದವರು ತಿರುಚಿದ ಕಂಬಕ್ಕೆ ಎದುರಾಗಿ ಇನ್ನೊಂದು ತಿರುಚಿದ ಕಂಬ ನಿಲ್ಲಿಸಿದರು. ಬಲಗೋಡೆಯಲ್ಲಿ ಕಿಟಕಿ ಇದೆಯೆಂದು ಎಡಗೋಡೆಯ ಮೇಲೆ ಸುಳ್ಳು ಕಿಟಕಿ ಬರೆಸಿದರು. ಅಮೃತಶಿಲೆಯಂತೆ ಕಾಣುವುದೆಲ್ಲ ಬಣ್ಣ ಬಳಿದ ಗಾರೆ. ಮೇಲೆ ಥಳುಕು, ಒಳಗೆ ಹುಳುಕು. ನಮ್ಮ ಮನೆತನವೂ ಹಾಗೇ.

ನಾನೂ ಅಣ್ಣನೂ ಗಾರೆ ಕೆಲಸದವರು. ಅಪ್ಪ ತೀರಿಕೊಂಡು ಮನೆ ಪಾಲಾದಾಗಿನಿಂದ ಮಾತು ಬಿಟ್ಟಿದ್ದೇವೆ. ಹಾವು ಮುಂಗುಸಿಗಳಿಗೂ ನಮಗಿಂತ ಸಲಿಗೆ ಜಾಸ್ತಿ. ಬಲಿಪೀಠದ ಮೇಲೆ ಎದುರುಬದುರಾಗಿ ನಿಂತು ಕಿರೀಟ ಹಿಡಿಯಬೇಕಾದ ಇಬ್ಬರು ದೇವದೂತರ ಒಂದೊಂದು ಕೈ ಉದುರಿಹೋಗಿತ್ತು. ಫಾದರ್ ಒಬ್ಬನನ್ನು ಅಣ್ಣನಿಗೆ, ಇನ್ನೊಬ್ಬನನ್ನು ನನಗೆ ಒಪ್ಪಿಸಿದರು. ಅಣ್ಣನ ಮುಖ ನೋಡಲಾರೆನೆಂದು ನಾನು ನಡುವೆ ಗೋಣಿತಟ್ಟು ಕಟ್ಟಿಸಿದೆ.

ತಟ್ಟು ಬಿಚ್ಚಿದ ದಿನ ಫಾದರ್ ತಲೆಯೆತ್ತಿ ನೋಡಿದರು. "ಇದೇನ್ರಪ್ಪ, ಎರಡೂ ಬಲಗೈ."

ನಿಜ. ಇಬ್ಬರೂ ಅಪ್ಪನ ಬಲಗೈಯನ್ನೇ ಮಾಡಿದ್ದೆವು: ಕರಣೆ ಹಿಡಿದು ಹಿಡಿದು ಸೊಟ್ಟಗಾದ ಅದೇ ಹೆಬ್ಬೆರಳು. ಎಡಗೈ ಬೇಕಿದ್ದದ್ದು ನನ್ನ ದೇವದೂತನಿಗೆ. ಅಣ್ಣ ಕಿಸಕ್ಕನೆ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

"ಭಾನುವಾರದೊಳಗೆ ಸರಿ ಮಾಡಿ. ಇಲ್ಲಾಂದ್ರೆ ಹೊರಗಿನವರನ್ನ ಕರೆಸ್ತೀನಿ. ನಿಮ್ಮ ತಾತನ ಕಾಲದಿಂದ ಬಂದ ಕೆಲಸ ಅಂತ ಇಷ್ಟು ದಿನ ಸಹಿಸ್ಕೊಂಡೆ," ಎಂದರು ಫಾದರ್.

ಒಡೆದೆ. ಅಪ್ಪನ ಕೈಯನ್ನು ನಾನೇ ಸುತ್ತಿಗೆಯಿಂದ ಒಡೆದೆ. ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತೆಂಬಂತೆ ಒರೆಸಿಕೊಂಡೆ. ಹೊಸ ಗಾರೆ ಕಲಸಿ ಕೂತರೆ ಅಪ್ಪನ ಎಡಗೈ ನೆನಪಿಗೇ ಬರಲಿಲ್ಲ. ಕೆಲಸದಲ್ಲಿ ಅದು ಸದಾ ಗಾರೆ ಹಲಗೆಯ ಅಡಿಯಲ್ಲಿರುತ್ತಿತ್ತು. ನನ್ನ ಕೈ ನೋಡಿ ಮಾಡೋಣವೆಂದರೆ ಅದು ಅಮ್ಮನ ಗಿಡ್ಡ ಬೆರಳಿನ ಕೈ. ಸಂಜೆಯವರೆಗೂ ಕಟ್ಟಿದೆ, ಕೆಡವಿದೆ.

ಆಚೆ ದೇವದೂತನ ಮುಂದೆ ಕಟ್ಟಿದ್ದ ಸಾರುವೆಯ ಅಟ್ಟದಿಂದ ಅಣ್ಣನ ದನಿ ಬಂತು. "ಲೋ, ಇಲ್ನೋಡು." ಎಡಗೈ ಚಾಚಿ ನಿಂತಿದ್ದ. "ನಂದು ಅಪ್ಪನ ಥರಾನೇ ಇದೆ ಅಂತ ಅಮ್ಮ ಹೇಳ್ತಿದ್ಲು. ನೋಡ್ಕೊಂಡು ಮಾಡು. ಮಾತು ಮಾತ್ರ ಬೇಡ."

"ನಿನ್ನ ಹತ್ರ ಮಾತಾಡೋಕೆ ಇಲ್ಯಾರೂ ಕಾಯ್ತಾ ಕೂತಿಲ್ಲ," ಎಂದೆ.

ತೋಳು ನಡುಗತೊಡಗಿದರೂ ಅವನು ಇಳಿಸಲಿಲ್ಲ. ನಾನು ಒಂದೊಂದೇ ಬೆರಳನ್ನು ನೋಡಿ ಗಾರೆಯಲ್ಲಿ ತೆಗೆದೆ. ಕಿರುಬೆರಳಿಗೆ ಬರುವಷ್ಟರಲ್ಲಿ ನೆನಪಾಯಿತು: ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಅಪ್ಪ ನನ್ನನ್ನು ಹಿಡಿದುಕೊಳ್ಳುತ್ತಿದ್ದ ಕೈ ಇದೇ. ಅಣ್ಣನ ಮೇಲಿನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ಮನೆ ಪಾಲಾದಾಗ ಇದೂ ಅವನ ಪಾಲಿಗೇ ಹೋಗಿದೆಯೆಂದು ನನಗೆ ಗೊತ್ತಿರಲಿಲ್ಲ.