ಆಟದ ಹಾಳೆಯ ಎರಡನೇ ಸಾಲು

ಎರಡು ಸಾವಿರದ ಮೂರನೇ ಇಸವಿಯಲ್ಲಿ ಬೋಗಾದಿಯಲ್ಲಿ ಬಾಡಿಗೆ ಮನೆ ಬೇಕೆಂದರೆ ಮೊದಲು ಬಾಯಿ ಹಿಡಿತದಲ್ಲಿರಬೇಕಿತ್ತು. ನನಗೂ ತಮ್ಮ ಅಮರ್‌ಗೂ ಅಲ್ಲಿ ಆರು ಮನೆ ಕೈತಪ್ಪಿದ್ದವು. ಏಳನೆಯದು ಮಂಜುಳಮ್ಮನವರ ಮಹಡಿಯ ರೂಮು. "ತಂದೆ ಹೆಸರೇನಮ್ಮ?" ಎಂದು ಅವರು ಕೇಳಿದಾಗ ಸಣ್ಣಮಾದಯ್ಯ ಎನ್ನುವ ಬದಲು ಮಹದೇವಯ್ಯ ಎಂದೆ. "ಓ, ನಮ್ಮೋರೇ ಅನ್ನಿ" ಎಂದು ನಕ್ಕರು. ಅವರು ಲಿಂಗಾಯತರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಅಂದಿನಿಂದ ನೆಮ್ಮದಿ ಹೋಯಿತು. ಮಾತಾಡುವಾಗ ಮಂಜುಳಮ್ಮನವರ ಕಣ್ಣು ನನ್ನ ಕತ್ತಿನ ಹತ್ತಿರ ಬಂದು ನಿಲ್ಲುತ್ತಿತ್ತು, ಅಲ್ಲಿ ಲಿಂಗ ಇದೆಯೋ ಇಲ್ಲವೋ ಎಂದು. ನಾನು ದುಪಟ್ಟಾ ಸುತ್ತಿಕೊಂಡೇ ನೀರು ತರಲು ಕೆಳಗಿಳಿಯುತ್ತಿದ್ದೆ. ಮೊಟ್ಟೆ ಬೇಯಿಸಿದ ದಿನ ಸಿಪ್ಪೆಯನ್ನು ಊಟದ ಬ್ಯಾಗಿನಲ್ಲಿಟ್ಟುಕೊಂಡು ನಾನು ಕೆಲಸಕ್ಕಿದ್ದ ಹೂಟಗಳ್ಳಿಯ ಫ್ಯಾಕ್ಟರಿವರೆಗೂ ಹೊತ್ತೊಯ್ದು ಎಸೆಯುತ್ತಿದ್ದೆ. ಅಮರ್ ನಗುತ್ತಿದ್ದ. ಡಿಪ್ಲೊಮಾ ಓದುತ್ತಿದ್ದವನು, ಅವನಿಗೆ ಎಲ್ಲರೂ ಒಳ್ಳೆಯವರೇ.

ಮಂಜುಳಮ್ಮನವರ ಮಗ ಗುರುಕಿರಣ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ. ಯಾವುದೋ ಹಳೇ ಇಂಗ್ಲಿಷ್ ಆಟದ ನಿಯಮಗಳ ಜೆರಾಕ್ಸ್ ಇಟ್ಟುಕೊಂಡು ಕನ್ನಡದಲ್ಲಿ ಹೊಸ ಆಟವೊಂದನ್ನು ಕಟ್ಟುತ್ತಿದ್ದ. ಕೋಟೆ, ಕಾಡು, ಮಾಟ ಎಲ್ಲ ಇರುವ ಕಥೆಯನ್ನು ಒಬ್ಬ ಹೇಳುತ್ತಾ ಹೋಗುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ, ಸೋಲು ಗೆಲುವು ದಾಳದ ಕೈಯಲ್ಲಿ. ಇಷ್ಟು ನನಗೆ ಆಮೇಲೆ ತಿಳಿದದ್ದು. ಆ ಭಾನುವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದವನು ಹೇಳಿದ್ದು ಇಷ್ಟೇ: "ನನ್ನ ಫ್ರೆಂಡ್ಸ್‌ಗೆಲ್ಲ ಹಳೇ ರೂಲ್ಸ್ ಗೊತ್ತು ನಯನಕ್ಕ. ಗೊತ್ತಿಲ್ದೋರು ಆಡಿದ್ರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತೆ. ಬನ್ನಿ."

ಎಂದೂ ಒಳಗೆ ಕರೆಯದವರು ಇವತ್ತೇಕೆ ಕರೆದರು ಎಂದುಕೊಳ್ಳುತ್ತಲೇ ಅಮರ್ ಜೊತೆ ಅವರ ನಡುಮನೆಯಲ್ಲಿ ಕೂತೆ. ಗುರುಕಿರಣ್ ಒಂದೊಂದು ಹಾಳೆ ಕೊಟ್ಟ. ಮೊದಲನೇ ಸಾಲು, ಹೆಸರು. ಎರಡನೇ ಸಾಲು, ಜಾತಿ. ಮೂರನೆಯದು, ವರ್ಗ.

ತಾಲ್ಲೂಕು ಆಫೀಸಿನ ಅರ್ಜಿಯಲ್ಲಿ ನೋಡಿ ನೋಡಿ ಸಾಕಾದ ಸಾಲುಗಳು ಅವು. ಅಮರ್ ಪೆನ್ನು ತೆಗೆದಿದ್ದ. ಅವನ ಕೈ ಹಿಡಿದೆ.

"ಇದೆಲ್ಲ ಯಾಕೆ?" ಎಂದೆ.

"ಅದಿಲ್ದೆ ಆಟ ಶುರು ಆಗಲ್ಲ ನಯನಕ್ಕ. ಎಲ್ಲ ಅಂಕ ಜಾತಿ ಮೇಲೇ ನಿಂತಿರೋದು."

"ಇದನ್ನ ಕೇಳು ಅಂತ ನಿಮ್ಮಮ್ಮ ಹೇಳಿದ್ರಾ?"

"ಅಮ್ಮನಾ? ಅಮ್ಮಂಗೇನು ಗೊತ್ತು ಇದು? ಬರೀರಿ ಸುಮ್ನೆ."

ಬರೀರಿ ಸುಮ್ನೆ! ಐದು ತಿಂಗಳು ನುಂಗಿಕೊಂಡಿದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು. "ಬರ್ಕೊಳ್ಳಿ ಹಂಗಾರೆ. ಜಾತಿ ಆದಿ ಕರ್ನಾಟಕ. ವರ್ಗ ಪರಿಶಿಷ್ಟ. ಅಪ್ಪನ ಹೆಸರು ಸಣ್ಣಮಾದಯ್ಯ. ಸಾಕಾ? ಕಳ್ಳಾಟ ಆಡಿ ತಿಳ್ಕೋಬೇಕಾಗಿರ್ಲಿಲ್ಲ. ಬೇಕಾದ್ರೆ ರೂಮು ಖಾಲಿ ಮಾಡ್ತೀವಿ!"

ಗುರುಕಿರಣನ ಮುಖ ಕೆಂಪಾಯಿತು. "ಅಯ್ಯೋ, ಅದಲ್ಲ... ಇಂಗ್ಲಿಷಲ್ಲಿ ರೇಸ್ ಅಂತ ಇತ್ತು, ಕ್ಲಾಸ್ ಅಂತ ಇತ್ತು. ಡಿಕ್ಷನರಿ ನೋಡಿ ಬರೆದ್ಬುಟ್ಟೆ" ಎಂದು ಇನ್ನೊಂದು ಹಾಳೆ ಮುಂದೆ ತಳ್ಳಿದ. ಜಾತಿಗಳು: ಮನುಷ್ಯ, ಯಕ್ಷ, ಕುಳ್ಳ, ರಾಕ್ಷಸ. ಯಕ್ಷನಿಗೆ ಬುದ್ಧಿ ಎರಡು ಹೆಚ್ಚು. ರಾಕ್ಷಸನಿಗೆ ಬಲ ಎರಡು ಹೆಚ್ಚು, ಬುದ್ಧಿ ಎರಡು ಕಡಿಮೆ.

ನಾಚಿಕೆಯಾಯಿತು, ನಿಜ. ಆದರೆ ಸಿಟ್ಟು ಇಳಿದಿರಲಿಲ್ಲ. "ರಾಕ್ಷಸಂಗೆ ಹುಟ್ತಾನೇ ಬುದ್ಧಿ ಕಮ್ಮೀನಾ?" ಎಂದೆ.

"ಹಳೇ ರೂಲ್ಸಲ್ಲೇ ಹಂಗಿದೆ. ನಾನು ಮಾಡಿದ್ದಲ್ಲ."

ಆ ಮಾತನ್ನು ನಾನು ಬೇರೆ ಬಾಯಿಗಳಲ್ಲೂ ಕೇಳಿದ್ದೆ. ತಿರುಗಿ ನೋಡಿದರೆ ಅಡುಗೆಮನೆ ಬಾಗಿಲಲ್ಲಿ ಮಂಜುಳಮ್ಮ ಚುರುಮುರಿ ತಟ್ಟೆ ಹಿಡಿದು ನಿಂತಿದ್ದರು. ಹಾಗೇ ಒಳಗೆ ಹೋದರು. ತಟ್ಟೆಯೂ ಹೋಯಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗಾಯ್ತಲ್ಲಕ್ಕ" ಎಂದ ಅಮರ್, ಮೇಲೆ ಬಂದ ಮೇಲೆ.

"ನಾವೇನೋ ಕದ್ದಿದ್ದು?" ಎಂದೆ.

ಮೂರನೇ ದಿನ ಮಂಜುಳಮ್ಮ ಮೇಲೆ ಬಂದರು. ಹೊಸ್ತಿಲ ಆಚೆಯೇ ನಿಂತು, ಮೊದಲಿಗಿಂತ ಮೆತ್ತಗೆ ಮಾತಾಡಿದರು. "ಬೇಜಾರ್ ಮಾಡ್ಕೋಬೇಡಿ ಕಣಮ್ಮ. ನೀವೇ ಖಾಲಿ ಮಾಡ್ತೀವಿ ಅಂದ್ರಲ್ಲ. ಗುರೂಗೂ ಅದೇನೋ ಆಟ ಮಾಡಕ್ಕೆ ಜಾಗ ಬೇಕಂತೆ. ತಿಂಗಳ ಕೊನೇವರ್ಗೂ ಇರಿ, ಆತುರ ಏನಿಲ್ಲ."

ಹಾವು ಸಾಯಬೇಕು, ಕೋಲು ಮುರಿಯಬಾರದು. ಜಾತಿಯ ಮಾತು ಅವರ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಹುಡುಗ ರೂಮು ಕೇಳಿದ್ದಾನೆ, ಅವರು ಕೊಟ್ಟಿದ್ದಾರೆ, ಇಬ್ಬರೂ ಸೇರಿಯೇ ಮಾಡಿದ್ದು ಎಂದು ನಾನು ತೀರ್ಮಾನಿಸಿದೆ. ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ.

ತಿಂಗಳ ಕೊನೆಗೆ ಆಟೋದಲ್ಲಿ ಸಾಮಾನು ತುಂಬುತ್ತಿದ್ದೆವು. ಕೊನೆಯ ಟ್ರಂಕಿಗೆಂದು ನಾವಿಬ್ಬರೂ ಮೇಲೆ ಬಂದಾಗ ಗುರುಕಿರಣ್ ಎರಡೆರಡು ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಹೊಸ ಹಾಳೆ.

"ನಯನಕ್ಕ, ಎರಡನೇ ಸಾಲು ತೆಗೆದ್ಬುಟ್ಟೆ! ಹುಟ್ಟಿಗೆ ಅಂಕಾನೇ ಇಲ್ಲ ಈಗ. ಎಲ್ರಿಗೂ ಹತ್ತತ್ತು, ಮಿಕ್ಕಿದ್ದು ಆಡಿ ಸಂಪಾದಿಸ್ಬೇಕು. ನೀವು ಕೇಳಿದ್ಮೇಲೇ ಹೊಳೆದಿದ್ದು. ರೂಲ್ಸ್ ಪುಸ್ತಕದಲ್ಲಿ ನಿಮ್ಮ ಹೆಸರು ಹಾಕ್ತೀನಿ."

ಅವನ ಮುಖದಲ್ಲಿ ಕಪಟ ಹುಡುಕಿದೆ. ಸಿಗಲಿಲ್ಲ. ಒಂದು ಗಳಿಗೆ ನನಗೆ ಸಂತೋಷವೇ ಆಯಿತು. ಅಮರ್ ಕೂಡ ನಕ್ಕ.

"ಈ ಭಾನುವಾರ ಇಬ್ರೂ ಬನ್ನಿ. ಹೊಸ ರೂಲ್ಸಲ್ಲಿ ಮೊದಲನೇ ಆಟ ನಿಮ್ಮದೇ."

"ಎಲ್ಲಿಗೆ?"

"ಇಲ್ಲಿಗೇ! ನೀವೇ ಬೇರೆ ಮನೆ ನೋಡ್ಕೊಂಡ್ರಂತಲ್ಲ, ಅದಕ್ಕೆ ಅಮ್ಮ ಈ ರೂಮು ಆಟಕ್ಕೆ ಬಿಟ್ಕೊಟ್ರು. ನಾನು ಕೇಳೇ ಇರ್ಲಿಲ್ಲ ಗೊತ್ತಾ."

ಅಮರ್‌ನ ನಗು ನಿಂತುಹೋಯಿತು. ಎಲ್ಲವನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಟ್ರಂಕು ಭಾರ ಇದೆ, ಆ ಕಡೆ ಹಿಡ್ಕೋ" ಎಂದೆ.

ಗುರುಕಿರಣ್ ಹಾಳೆಯನ್ನು ಜೇಬಿಗೆ ಸೇರಿಸಿ, ಖುಷಿಯಿಂದ ಹಿಡಿದುಕೊಂಡ.