ಕಡಲೆಬೀಜದ ಪೊಟ್ಟಣದ ಹಿಂಬದಿ

ನನ್ನ ತಮ್ಮ ಸರ್ವೆ ಕೆಲಸದವನು. ಕಳೆದ ವರ್ಷ ಕಾಡಂಚಿನಲ್ಲಿ ಜಾಗ ಅಳೆಯುವಾಗ ಉಣ್ಣಿಯೊಂದು ಅವನ ಕಾಲು ಕಚ್ಚಿತು. ಅಷ್ಟೇ! ಆಮೇಲೆ ಕುರಿ, ಹಂದಿ, ದನ, ಮರಿಗೆ ಹಾಲೂಡಿಸುವ ಯಾವ ಪ್ರಾಣಿಯ ಮಾಂಸವೂ ಅವನ ಮೈಗೆ ಆಗದು. ಕೋಳಿ, ಮೀನು ತಿಂದರೆ ಏನೂ ಇಲ್ಲ. ಎಳ್ಳುಕಾಳಿನಷ್ಟು ಹುಳ, ಆಳೆತ್ತರದ ಗಂಡಸಿನ ರಕ್ತವನ್ನೇ ಬದಲಿಸಿಬಿಟ್ಟಿತಲ್ಲ ಎಂದು ನನಗೆ ಈಗಲೂ ಬೆರಗು.

ಮಾಂಸ ಬಿಟ್ಟದ್ದಾಯಿತು. ಪ್ರಾಣ ತಿಂದದ್ದು ಅಂಗಡಿಯ ಕುರುಕಲು ಪೊಟ್ಟಣಗಳು. ಯಾವುದರಲ್ಲಿ ಕೊಬ್ಬಿದೆಯೋ, ಯಾವುದರಲ್ಲಿ ಮೂಳೆ ಚರ್ಮ ಬೇಯಿಸಿ ತೆಗೆದ ಜೆಲಟಿನ್ ಇದೆಯೋ, ಯಾರಿಗೆ ಗೊತ್ತು! ಓದಿ ಓದಿ ಸಾಕಾಗಿ ನಾನೊಂದು ಉಪಾಯ ಹೂಡಿದೆ. ಒಮ್ಮೆ ಓದಿ ಒಪ್ಪಿದ ಪೊಟ್ಟಣವನ್ನು, ಖಾಲಿಯಾದ ಮೇಲೆ, ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸುವುದು. ಚಿತ್ರ ನೋಡು, ಅಂಥದ್ದೇ ತಾ. ನನ್ನ ಬುದ್ಧಿಗೆ ನಾನೇ ಬೀಗಿದ್ದೆ.

ಹೀಗೇ ಒಂದು ದಿನ ಅವನ ಚೀಲ ಕಟ್ಟಲು ಕೂತೆ. ಮರುದಿನ ಅವನು ಸರ್ವೆಗೆಂದು ಬೆಟ್ಟದ ಮೇಲಿನ ಬಿಡಾರಕ್ಕೆ ಹೊರಡಬೇಕಿತ್ತು. ಅಲ್ಲಿ ಆಸ್ಪತ್ರೆಯಿಲ್ಲ, ತಪ್ಪಿ ಏನಾದರೂ ತಿಂದರೆ ಜೀವಕ್ಕೇ ಕುತ್ತು. ಅವನ ಚೀಲಕ್ಕೆ ಹುರಿದ ಕಡಲೆಬೀಜದ ಪೊಟ್ಟಣಗಳನ್ನು ತುಂಬಿದೆ. ಬಾಗಿಲ ಮೇಲಿದ್ದ ಅದೇ ಕೆಂಪು, ಅದೇ ಚಿತ್ರ.

"ಅಕ್ಕಾ, ಹಿಂದೆ ಓದಿದ್ಯಾ?"

"ಕಡಲೆಬೀಜಕ್ಕೆ ಎಲ್ಲಿಂದ ಬರುತ್ತೋ ಮಾಂಸ? ನನ್ನ ತಲೆ ತಿನ್ಬೇಡ, ಬೀಜ ತಿನ್ನು!"

ಮಧ್ಯಾಹ್ನ ಒಂದು ಹಿಡಿ ತಿಂದ. ನಾನೂ ತಿಂದೆ. ಉಪ್ಪು, ಖಾರ, ಬೇರೆ ರುಚಿಯೇ ಇಲ್ಲ.

ಸಂಜೆ ಬಟ್ಟೆ ಮಡಿಸುತ್ತಿದ್ದವನು ಅಂಗೈ ಕೆರೆದುಕೊಂಡ. ನೋಡನೋಡುತ್ತ ಕತ್ತಿನ ತುಂಬ ದದ್ದು ಎದ್ದವು, ತುಟಿ ಊದಿತು. "ಅಕ್ಕಾ, ಉಸಿರು..." ಎಂದ. ಇಂಥ ಹೊತ್ತಿಗೆಂದೇ ಮನೆಯಲ್ಲಿಟ್ಟಿದ್ದ ಇಂಜೆಕ್ಷನ್ನನ್ನು ತೊಡೆಗೆ ಚುಚ್ಚಿ, ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದೆ. ಸದ್ಯ, ಉಳಿದ.

ನಾನು ಜೊತೆಗೊಯ್ದಿದ್ದ ಪೊಟ್ಟಣವನ್ನು ಡಾಕ್ಟರಮ್ಮ ತಿರುಗಿಸಿ ಬೆರಳಿಟ್ಟು ತೋರಿಸಿದರು. ಜೆಲಟಿನ್. "ಬೀಜಕ್ಕೆ ಉಪ್ಪು ಅಂಟ್ಲಿ ಅಂತ ಹಾಕ್ತಾರಮ್ಮ" ಎಂದರು.

ಮನೆಗೆ ಬಂದವಳೇ ಬಾಗಿಲ ಮೇಲಿನ ಕೆಂಪು ಪೊಟ್ಟಣವನ್ನು ಕಿತ್ತೆ. ಹಿಂಬದಿಗೆ ಗೋಂದು ಮೆತ್ತಿ ಅಂಟಿಸಿದ್ದೆನಲ್ಲ, ಮಹಾ ಜಾಣೆ! ಓದಬೇಕಾದ್ದೆಲ್ಲ ಬಾಗಿಲಿಗೆ ಮುಖ ಮಾಡಿಕೊಂಡಿತ್ತು. ಹಳೆಯದರಲ್ಲಿ ಆ ಪದ ಇರಲೇ ಇಲ್ಲ. ಕಂಪನಿಯವರು ಚಿತ್ರ ಹಾಗೇ ಇಟ್ಟು ಒಳಗಿನದನ್ನು ಬದಲಿಸಿದ್ದರು. ನನ್ನ ಕಣ್ಣಿಗೆ ಬೀಳಲಿಲ್ಲ, ಇಬ್ಬರ ನಾಲಿಗೆಗೂ ಸಿಗಲಿಲ್ಲ. ಅವನ ರಕ್ತ ಮಾತ್ರ ಬೀಜಕ್ಕೆ ಸವರಿದ್ದ ಆ ಒಂದು ಚೂರನ್ನು ಗಂಟೆಗಟ್ಟಲೆ ಹುಡುಕಿ ಹಿಡಿದಿತ್ತು. ತುರಿಕೆ ಇಳಿದ ಅವನ ಅಂಗೈಯನ್ನು ಹಿಡಿದು ಎಷ್ಟೋ ಹೊತ್ತು ನೋಡಿದೆ. ಚಿಕ್ಕಂದಿನಲ್ಲಿ ನಾನು ಹಿಡಿದು ನಡೆಸಿದ ಕೈ, ಒಳಗೆ ಇಂಥದ್ದೊಂದು ಕಾವಲು ಕೂತಿದೆ!

ವಾರ ಕಳೆದು ಅವನು ಹೊರಟಾಗ ಚೀಲವನ್ನೆಲ್ಲ ನೆಲಕ್ಕೆ ಸುರಿದು, ಒಂದೊಂದನ್ನೂ ತಿರುಗಿಸಿ ಓದುತ್ತ ಕೂತೆ.

"ಅಕ್ಕಾ, ಅದು ಬರೀ ನೀರಿನ ಬಾಟ್ಲಿ."

"ಸುಮ್ನಿರೋ," ಎಂದು ಕನ್ನಡಕ ಏರಿಸಿ ಅದನ್ನೂ ತಿರುಗಿಸಿದೆ.