ಸಾರಿ ಹೇಳು

ದಿಗ್ಗೇವಾಡಿಯಲ್ಲಿ ಲಕ್ಷ್ಮಿಬಾಯಿ ಎಂಬ ಹೆಸರಿನವರು ಇಬ್ಬರು. ಒಬ್ಬಳು ಮಗದುಮ್ಮರ ತವನಪ್ಪನ ಹೆಂಡತಿ, ಇನ್ನೊಬ್ಬಳು ಹಿಂದಿನ ಓಣಿಯವಳು. ಇಷ್ಟು ವರ್ಷ ಊರವರು ಅವರನ್ನು ಮುಂದಿನ ಓಣಿ ಲಕ್ಷ್ಮಿಬಾಯಿ, ಹಿಂದಿನ ಓಣಿ ಲಕ್ಷ್ಮಿಬಾಯಿ ಎಂದು ಕರೆದುಕೊಂಡು ಸುಖವಾಗಿದ್ದರು. ಈ ಭಾದ್ರಪದದಲ್ಲಿ ಅದು ಕೆಟ್ಟಿತು. ಹಿಂದಿನ ಓಣಿಯವಳು ಒಂದು ಕಡ್ಡಿಯನ್ನೂ ಎತ್ತಿಡದೆ ‘ಒರಿಜಿನಲ್ ಲಕ್ಷ್ಮಿಬಾಯಿ’ ಆದಳು. ತವನಪ್ಪನ ಹೆಂಡತಿ ‘ಡೂಪ್ಲಿಕೇಟ್ ಲಕ್ಷ್ಮಿಬಾಯಿ’ ಆದಳು.

ಆದದ್ದು ಇಷ್ಟು. ದಶಲಕ್ಷಣ ಪರ್ವದಲ್ಲಿ ಬಸದಿಯ ಅಭಿಷೇಕಕ್ಕೆ ಮಗದುಮ್ಮರ ಮನೆಯಿಂದ ತುಪ್ಪ ಹೋಗುವುದು ಅವಳ ಅತ್ತೆಯ ಕಾಲದಿಂದ ನಡೆದು ಬಂದದ್ದು. ಮನೆಯ ಎಮ್ಮೆ, ಮನೆಯಲ್ಲೇ ಕಡೆದ ಬೆಣ್ಣೆ, ಸೋಸಿದ ನೀರಿನಲ್ಲಿ ತೊಳೆದ ತಂಬಿಗೆ. ಈ ಸಲ ಬಸದಿಯ ಕಮಿಟಿಗೆ ಹೊಸದಾಗಿ ಸಂದೇಶ ಎಂಬವನು ಸೇರಿದ್ದ. ತವನಪ್ಪನ ದಾಯಾದಿ ಅಣ್ಣನ ಮಗ, ಹಾರೂಗೇರಿಯಲ್ಲಿ ಹಾಲಿನ ಏಜೆನ್ಸಿ ನಡೆಸುವವನು. ಅವನು ತಂಬಿಗೆಯ ಮುಚ್ಚಳ ತೆಗೆದು ನೋಡಿದ. ತುಪ್ಪ ಬೆಳ್ಳಗಿತ್ತು. ಅವನ ಅಂಗಡಿಯ ಪಾಕೀಟಿನ ತುಪ್ಪ ಹಳದಿ. ಅವನ ಕೈಯಲ್ಲಿ ಆಗ ಮೈಕು ಬೇರೆ ಇತ್ತು, ಮೈಕು ಹಿಡಿದವನ ಬಾಯಿ ಯಾವಾಗಲೂ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ.

“ಡೂಪ್ಲಿಕೇಟ್ ತುಪ್ಪ ಅಭಿಷೇಕಕ್ಕ ನಡಿಯೂದಿಲ್ರಿ. ಒರಿಜಿನಲ್ ಇದ್ದವರಷ್ಟ ಕೊಡ್ರಿ,” ಎಂದುಬಿಟ್ಟ.

ಬಸದಿಯ ಮೇಲಿನ ಧ್ವನಿವರ್ಧಕದ ಭೋಂಗಾ ಆ ಮಾತನ್ನು ಕಬ್ಬಿನ ಹೊಲ ದಾಟಿಸಿ ಕೃಷ್ಣೆಯ ದಂಡೆಯವರೆಗೆ ಮುಟ್ಟಿಸಿತು. ತಂಬಿಗೆ ಮೆಟ್ಟಿಲಿನಿಂದಲೇ ಮನೆಗೆ ಹಿಂದಿರುಗಿತು. ಪೂಜೆ ಮುಗಿಸಿ ಬಂದ ಅರ್ಚಕ ಉಪಾಧ್ಯೆಯವರು ವಿಷಯ ಕೇಳಿ ಹಣೆ ಚಚ್ಚಿಕೊಂಡರು. “ಏ ಹುಚ್ಚಾ, ಎಮ್ಮಿ ತುಪ್ಪ ಬೆಳ್ಳಗ ಇರತೈತಿ. ಹಳದಿ ಇರೂದು ಆಕಳ ತುಪ್ಪ. ಹಾಲ ಮಾರಾವಗ ಇಷ್ಟೂ ಗೊತ್ತಿಲ್ಲೇನ?” ಸಂದೇಶ ತಲೆ ಕೆರೆದುಕೊಂಡ. ಆದರೆ ಅಷ್ಟರಲ್ಲಿ ಮೈಕು ಬಂದ್ ಆಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದರಲ್ಲೂ ನಮ್ಮ ಈ ಸೀಮೆಯಲ್ಲಿ ಅಡ್ಡಹೆಸರು ಹುಟ್ಟುವುದೇ ಹೀಗೆ. ಯಾವನೋ ಮುತ್ತಜ್ಜ ಎಂದೋ ಉಳ್ಳಾಗಡ್ಡಿ ಮಾರಿರುತ್ತಾನೆ, ಅವನ ವಂಶಕ್ಕೆ ವಂಶವೇ ಉಳ್ಳಾಗಡ್ಡಿ ಆಗಿಬಿಡುತ್ತದೆ. ಹಾರೂಗೇರಿಯ ಸಂತೆಯಲ್ಲಿ ಬಳೆಗಾರ್ತಿ ನಗುತ್ತ, “ಡೂಪ್ಲಿಕೇಟ್ ಲಕ್ಷ್ಮಿಬಾಯಿ ಅಂದ್ರ ನೀವ ಏನ್ರಿ?” ಎಂದು ಕೇಳಿದ ದಿನ ಲಕ್ಷ್ಮಿಬಾಯಿ ಬಳೆ ಇಡಿಸಿಕೊಳ್ಳದೆ ಎದ್ದು ಬಂದಳು. ಎಂದೋ ಹುಟ್ಟಲಿರುವ ಮರಿಮೊಮ್ಮಗನ ಆಧಾರ್ ಕಾರ್ಡಿನಲ್ಲಿ ಹೆಸರಿನ ಮುಂದೆ ‘ಡೂಪ್ಲಿಕೇಟ್’ ಎಂದು ಅಚ್ಚಾಗಿರುವುದು ಅವಳ ಕಣ್ಣಿಗೆ ಕಟ್ಟಿದಂತಾಯಿತು.

ಸಂದೇಶ ಕೆಟ್ಟವನಲ್ಲ. ಸಣ್ಣವನಿದ್ದಾಗ ಇವಳ ಅಡುಗೆಮನೆಯಲ್ಲೇ ಕೂತು ಇದೇ ಬಿಳಿ ತುಪ್ಪದ ಅನ್ನ ತಿಂದು ದೊಡ್ಡವನಾದವನು. ಅದಕ್ಕೇ ಇವಳಿಗೆ ಹೆಚ್ಚು ಉರಿಯುತ್ತಿತ್ತು. ‘ತಪ್ಪಾತು’ ಎನ್ನುವ ಮೂರಕ್ಷರ ಮಾತ್ರ ಅವನ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಅದರ ಬದಲು ಒಂದು ದಿನ ಬಂದು ಕಟ್ಟೆಯ ಮೇಲೆ ಕೂತು ಚಿಕ್ಕಮ್ಮನಿಗೆ ಪಾಠ ಶುರು ಮಾಡಿದ.

“ಕಾಕು, ನೀ ತಪ್ಪ ತಿಳಕೊಂಡಿ. ಇಂಗ್ಲೀಷಿನ್ಯಾಗ ಡೂಪ್ಲಿಕೇಟ್ ಅಂದ್ರ ಖೊಟ್ಟಿ ಅಲ್ಲ. ಎರಡನೇ ಪ್ರತಿ ಅಂತ. ಝೆರಾಕ್ಸ್ ಇದ್ದಂಗ.”

“ಹಂಗಾರ ನನ್ನ ಎಮ್ಮಿ ಯಾರ ಝೆರಾಕ್ಸೋ?” ಎಂದಳು ಲಕ್ಷ್ಮಿಬಾಯಿ.

ಅವನು ಹೋದ ಮೇಲೆ ಸೊಸೆ ಮೇಘಾಳನ್ನು ಕೇಳಿದಳು. ಮೇಘಾ ರಾಯಬಾಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. “ಇಂಗ್ಲೀಷಿನ್ಯಾಗ ಅವ ಹೇಳೂದು ಖರೆ ಐತ್ರಿ ಅತ್ತಿ,” ಎಂದಳು. “ಆದ್ರ ಅವತ್ತ ಅವ ಇಂಗ್ಲೀಷ್ ಮಾತಾಡಿರಲಿಲ್ಲ. ನಮ್ಮೂರ ಡೂಪ್ಲಿಕೇಟ್ ಮಾತಾಡಿದ್ದ. ನಮ್ಮೂರಾಗ ಡೂಪ್ಲಿಕೇಟ್ ಅಂದ್ರ ಖೊಟ್ಟಿನ.”

ಲಕ್ಷ್ಮಿಬಾಯಿಗೆ ಸೊಸೆಯ ಮೇಲೆ ಅಭಿಮಾನ ಉಕ್ಕಿತು. ಬಾಯಿಬಿಟ್ಟು ಹೇಳಲಿಲ್ಲ, ಅವತ್ತಿನ ರೊಟ್ಟಿಯ ಮೇಲೆ ಎರಡು ಚಮಚ ತುಪ್ಪ ಹೆಚ್ಚು ಹಾಕಿದಳು.

ಪರ್ವ ಮುಗಿಯುತ್ತ ಬಂತು. ಮುಗಿದ ಮರುದಿನ ಕ್ಷಮಾವಾಣಿ. ಅವತ್ತು ಜೈನರೆಲ್ಲ ಒಬ್ಬರಿಗೊಬ್ಬರು ಕೈಮುಗಿದು ‘ಉತ್ತಮ ಕ್ಷಮಾ’ ಎಂದು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಬೇಕು, ಕೊಡಬೇಕು. ಹಿಂದಿನ ಸಂಜೆ ಬಸದಿಯ ವಾಟ್ಸಾಪ್ ಗ್ರೂಪಿನಲ್ಲಿ ಸಂದೇಶನದೊಂದು ಮೆಸೇಜು ಬಂತು. ಜೋಡಿಸಿದ ಎರಡು ಕೈ, ಅದರ ಕೆಳಗೆ ಒಂದು ಸಾಲು ಇಂಗ್ಲಿಷ್. ಮೇಘಾ ಓದಿದಳು: “ಇಫ್ ಎನಿಬಡಿ ಈಸ್ ಹರ್ಟ್, ಐ ಸಿನ್ಸಿಯರ್ಲಿ ರಿಗ್ರೆಟ್.”

“ಒಂದೊಂದ ಬಿಡಿಸಿ ಹೇಳ,” ಎಂದಳು ಲಕ್ಷ್ಮಿಬಾಯಿ, ಮೊರದಲ್ಲಿನ ಅಕ್ಕಿಯ ಕಲ್ಲು ಆರಿಸುತ್ತ. “ಇಫ್ ಅಂದ್ರ?”

“ಆಗಿದ್ರ. ಯಾರಿಗರ ನೋವ ಆಗಿದ್ರ ಅಂತ.”

“ಆಗಿದ್ರ! ಆಗೈತೋ ಇಲ್ಲೋ ಅನ್ನೂದ ಅವಗ ಇನ್ನೂ ಸಂಶೇ ಐತಿ. ರಿಗ್ರೆಟ್ ಅಂದ್ರ?”

“ಆದದ್ದಕ್ಕ ಕೆಟ್ಟ ಅನಸತೈತಿ ಅಂತರಿ.”

“ಆದದ್ದಕ್ಕೋ, ಮಾಡಿದ್ದಕ್ಕೋ?”

ಮೇಘಾ ಫೋನು ಕೆಳಗಿಟ್ಟಳು. ಇಷ್ಟು ವರ್ಷ ಆ ಶಬ್ದ ಕಲಿಸಿದರೂ ಯಾವ ಹುಡುಗನೂ ಇದನ್ನು ಕೇಳಿರಲಿಲ್ಲ. “ಮಾಡಿದ್ದಕ್ಕೂ ಅನ್ನಬಹುದು, ಬರೇ ಆದದ್ದಕ್ಕೂ ಅನ್ನಬಹುದು. ಹೊಳಿ ಬಂದು ಬೆಳಿ ಹೋದ್ರೂ ರಿಗ್ರೆಟ್, ಬಸ್ಸ ತಡಾ ಆದ್ರೂ ರಿಗ್ರೆಟ್. ಮಾಡಿದಾಂವ ಯಾರು ಅಂತ ಅದರಾಗ ಹೇಳಬೇಕಂತ ಇಲ್ಲ.”

“ಆ ಇನ್ನೊಂದು, ಸಿನ್ಸಿಯರು?”

“ಮನಸ್ಸಿನಿಂದ ಅಂತ ಅರ್ಥ. ಆದ್ರ ನಮ್ಮ ಸಾಲ್ಯಾಗ ದಿನಾ ಹೋಮ್‌ವರ್ಕ್ ತರೂ ಹುಡುಗಗೂ ಸಿನ್ಸಿಯರ್ ಅಂತಾರ. ಬಾಜೂದವನ್ದು ನೋಡಿ ಬರದಿದ್ರೂ ನಡೀತೈತಿ.”

ಮೂಗಿಗೆ ತುಪ್ಪ ಸವರುವುದು ಎಂಬ ಮಾತಿದೆಯಲ್ಲ, ವಾಸನೆ ಬರಬೇಕು, ನಾಲಿಗೆಗೆ ಸಿಗಬಾರದು. ಲಕ್ಷ್ಮಿಬಾಯಿ ಮೊರವನ್ನು ಕುಕ್ಕಿ ಕೆಳಗಿಟ್ಟಳು. “ನನ್ನ ತುಪ್ಪ ನನ್ನ ಮೂಗಿಗೇ ಒರಸಾಕ ಬಂದಾನ ನೋಡ!”

ಪಡಸಾಲೆಯಲ್ಲಿ ಕೂತಿದ್ದ ತವನಪ್ಪನಿಗೆ ಇದು ಕೇಳಿಸಿತು. ಅವನು ಇರುವೆಗೂ ದಾರಿ ಬಿಡುವ ಮನುಷ್ಯ. “ಬಿಟ್ಟಬಿಡ,” ಎಂದ. “ನಾಳಿ ಊರ ಮಂದಿ ಎಲ್ಲಾ ಕೈ ಮುಗೀತಾರ. ನೀ ಒಬ್ಬಾಕಿ ಮಾರಿ ತಿರುವಿ ನಿಂತ್ರ ತಪ್ಪು ನಿಂದ ಆಗತೈತಿ.”

ಲೋಕದ ನ್ಯಾಯವೇ ಇದು. ಒದ್ದವನು ಮರೆತುಬಿಡುತ್ತಾನೆ, ಒದೆ ತಿಂದವಳು ‘ಅಯ್ಯೋ’ ಎಂದರೆ ಅವಳ ಬಾಯಿ ದೊಡ್ಡದು. ಲಕ್ಷ್ಮಿಬಾಯಿ ಗಂಡನ ಮುಂದೆ ಬಂದು ನಿಂತಳು.

“ಕ್ಷಮಾ ನಾ ಮಾಡತೀನ್ರಿ. ಅದಕ್ಕ ನಾ ಹಿಂದ ಸರಿಯಾಕಿ ಅಲ್ಲ. ಆದ್ರ ಕ್ಷಮಾ ಬ್ಯಾರೆ, ಹೆಸರ ಬ್ಯಾರೆ. ಕ್ಷಮಾ ನಾ ಕೊಡೂದು. ಹೆಸರ ಅವ ತಿರಗಿ ಕೊಡೂದು.”

ಮರುದಿನ ಬಸದಿಯ ಅಂಗಳ ತುಂಬಿತ್ತು. ಉಪಾಧ್ಯೆಯವರ ಪ್ರವಚನ ಮುಗಿದು ಜನ ಒಬ್ಬರ ಮುಂದೊಬ್ಬರು ಕೈಮುಗಿಯತೊಡಗಿದರು. ವರ್ಷವಿಡೀ ಬದುವಿಗಾಗಿ ಕಾದಾಡಿದವರೂ ‘ಉತ್ತಮ ಕ್ಷಮಾ, ಉತ್ತಮ ಕ್ಷಮಾ’ ಎಂದು ನಗುತ್ತಿದ್ದರು. ಲಕ್ಷ್ಮಿಬಾಯಿಯೂ ಎಲ್ಲರಿಗೂ ಕೈಮುಗಿದಳು. ಗುಂಪಿನ ಸಂದಿಯಲ್ಲಿ ಸಂದೇಶ ನುಸುಳಿ ಬಂದು, ಅವಳ ಕಾಲಿಗೆ ಬಾಗಿದಂತೆ ಮಾಡಿ, ಅವಳ ಕಿವಿಗಷ್ಟೇ ಕೇಳುವಂತೆ “ಸಾರಿ ಕಾಕು,” ಎಂದ. ಎಂದವನೇ ಹೊರಟ. ಅವಳು ಅವನ ತೋಳು ಹಿಡಿದಳು.

“ಯಾತಕ್ಕ ಸಾರಿ?”

“ಅದ... ಏನರ ತಪ್ಪಾಗಿದ್ರ...”

“ಆಗಿದ್ರ ಬ್ಯಾಡ. ಏನಾಗೈತಿ ಹೇಳ.”

ಸುತ್ತಲಿನವರ ನಗು ನಿಂತಿತು. ಕಮಿಟಿಯ ಹಿರಿಯ ಭೂಪಾಲಣ್ಣ ನಡುವೆ ಬಂದ. “ಲಕ್ಷ್ಮಿಬಾಯಿ, ಹುಡುಗ ಜೆನ್ಯೂನ್ ಆಗಿ ಸಾರಿ ಅಂದಾನ. ದೊಡ್ಡ ಮನಸ್ಸ ಮಾಡವಾ.”

“ಜೆನ್ಯೂನ್ ಐತೋ ಡೂಪ್ಲಿಕೇಟ್ ಐತೋ ಹೆಂಗ ಗೊತ್ತಾಗಬೇಕ್ರಿ ಅಣ್ಣಾ? ನನ್ನ ತಂಬಿಗಿ ಮುಚ್ಚಳಾ ನಾಕ ಮಂದ್ಯಾಗ ತಗದ ನೋಡಿದ್ರಿ. ಇವನ ಸಾರಿ ಮುಚ್ಚಳಾನೂ ನಾಕ ಮಂದ್ಯಾಗ ತಗೀಲಿ.”

ಹೀಗೆಂದು ಅವಳು ಕಟ್ಟೆ ಹತ್ತಿ ಮೈಕಿನ ಮುಂದೆ ನಿಂತಳು. ಹುಟ್ಟಿದಾಗಿನಿಂದ ಮೈಕು ಮುಟ್ಟಿದವಳಲ್ಲ. ಸೆರಗು ಬಿಗಿಯಾಗಿ ಹಿಡಿದುಕೊಂಡಳು. ತವನಪ್ಪ ಕಂಬದ ಹಿಂದೆ ಸರಿದ. ಸೊಸೆ ಮೇಘಾ ಮಾತ್ರ ಮುಂದೆ ಬಂದು ಮೈಕಿನ ಗುಂಡಿ ಒತ್ತಿ ಚಾಲೂ ಮಾಡಿ ಕೊಟ್ಟಳು.

“ನಾನು ಲಕ್ಷ್ಮಿಬಾಯಿ,” ಎಂಬ ದನಿ ಭೋಂಗಾದಿಂದ ಬಂದಾಗ ಅವಳಿಗೇ ಅಂಜಿಕೆಯಾಯಿತು. “ಸಂದೇಶನ ಹಾಲ ಒಡದ ಹೋಗಲಿ ಅಂತ ಈ ಪರ್ವದಾಗ ದಿನಾ ಮನಸ್ಸಿನ್ಯಾಗ ಶಾಪ ಹಾಕೀನಿ. ಒಪ್ಪತ್ತು ಉಂಡು, ಜಪಾ ಮಾಡಿಕೋತ ಹಾಕೀನಿ. ಅದು ತಪ್ಪು. ಮಾಡಿದಾಕಿ ನಾನ. ಸಂದೇಶಾ, ನನ್ನ ಕ್ಷಮಾ ಮಾಡಪಾ.”

ಅಂಗಳದಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಯಾರೂ ನಗಲಿಲ್ಲ. ನಡುವೆ ಒಂದು ದಿನ ಹಾಲು ಒಡೆದಿತ್ತೋ ಏನೋ, ಸಂದೇಶ ಬೆಚ್ಚಿ ಅವಳನ್ನೇ ನೋಡಿದ. ಅವಳು ಮೈಕನ್ನು ಅವನತ್ತ ಚಾಚಿದಳು.

“ಸಾರಿ ಹಿಂಗ ಕೇಳತಾರ. ಈಗ ನಿಂದು.”

“ಕಾಕು, ಅಂದೆನಲ್ಲ ಸಾರಿ...”

“ಅಂದಿ. ಕಿವ್ಯಾಗ ಅಂದಿ. ನಮ್ಮ ಕನ್ನಡದಾಗೂ ಒಂದು ಸಾರಿ ಐತಿ ತಮ್ಮಾ. ನಾ ಸಣ್ಣಾಕಿದ್ದಾಗ ಡಂಗುರದಾಂವ ಸಾರತಿದ್ದ, ಓಣಿ ಓಣಿ ನಿಂತು, ಕಿವುಡರಿಗೂ ಕೇಳೂಹಂಗ. ಡೂಪ್ಲಿಕೇಟ್ ಅಂತ ನೀನೂ ಹಂಗ ಸಾರಿದಿ. ಈಗೂ ಹಂಗ ಸಾರಿ ಹೇಳು.”

ಸಂದೇಶ ಭೂಪಾಲಣ್ಣನ ಮುಖ ನೋಡಿದ. ಭೂಪಾಲಣ್ಣ ಮೋಡ ನೋಡುತ್ತಿದ್ದ. ಓಡಿಹೋಗಲು ದಾರಿಯಿತ್ತು, ಯಾರೂ ಅಡ್ಡ ನಿಂತಿರಲಿಲ್ಲ. ಆದರೆ ಆ ಮುದುಕಿ ಎಲ್ಲರೆದುರು ತನ್ನ ಹೊಟ್ಟೆಯ ವಿಷವನ್ನು ಹೊರಗಿಟ್ಟು ನಿಂತಿದ್ದಳು, ಅವಳ ಚಾಚಿದ ಕೈ ಕೆಳಗಿಳಿದಿರಲಿಲ್ಲ. ಅವನು ಕಟ್ಟೆ ಹತ್ತಿ ಮೈಕು ತೆಗೆದುಕೊಂಡ.

“ತುಪ್ಪ ಖೊಟ್ಟಿ ಅಲ್ರಿ,” ಎಂದ. ಕೆಮ್ಮಿ ಮತ್ತೆ ಹೇಳಿದ. “ಲಕ್ಷ್ಮಿಬಾಯಿ ಕಾಕೂನ ತುಪ್ಪ ಖರೆ ಐತ್ರಿ. ನನಗ ತಿಳೀಲಿಲ್ಲ. ತಿಳೀದ ಬಾಯಿ ಬಿಟ್ಟೆ. ತಪ್ಪು ನಂದು.”

ಆಗ ಹೆಂಗಸರ ಗುಂಪಿನಿಂದ ಹಿಂದಿನ ಓಣಿಯ ಲಕ್ಷ್ಮಿಬಾಯಿ ಎದ್ದು ನಿಂತಳು. “ಏ ಸಂದೇಶಾ, ಯಾವ ಲಕ್ಷ್ಮಿಬಾಯಿ ಅಂತ ಬಿಡಿಸಿ ಹೇಳೋ! ಒರಿಜಿನಲ್ ಅನಿಸಿಕೊಂಡು ಅನಿಸಿಕೊಂಡು ನನಗೂ ಸಾಕಾಗೈತಿ.”

ಇಡೀ ಅಂಗಳ ಹೋ ಎಂದು ನಕ್ಕಿತು. ಸಂದೇಶನಿಗೂ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿದವು. ಅವನು ಮೈಕನ್ನು ಬಾಯಿಗೆ ಹತ್ತಿರ ಹಿಡಿದು ಕೂಗಿದ.

“ಮುಂದಿನ ಓಣಿ, ಮಗದುಮ್ಮರ ಲಕ್ಷ್ಮಿಬಾಯಿ!”

ಭೋಂಗಾ ಆ ಹೆಸರನ್ನು ಕಬ್ಬಿನ ಹೊಲ ದಾಟಿಸಿ ಕೃಷ್ಣೆಯ ದಂಡೆಯವರೆಗೆ ಮುಟ್ಟಿಸಿತು. ಅದು ಅಲ್ಲಿಗೆ ಮುಟ್ಟುವವರೆಗೂ ಕಾದು, ಆಮೇಲೆ ಲಕ್ಷ್ಮಿಬಾಯಿ ಅವನಿಗೆ ಕೈ ಮುಗಿದಳು.

“ಉತ್ತಮ ಕ್ಷಮಾ,” ಎಂದಳು.